ನೆಲಕ್ಕೆ ಊರಿದ ವರ್ಟಿಕಲ್ ಆಂಟೆನಾದ ವಿಕಿರಣ ಕೋನವನ್ನು ಅಳೆಯುವುದು ಹೇಗೆ?

ಪ್ರಶ್ನೆ — ಪಾದೆಯಂಚು (ನೀರ್ಚಾಲು)

ಬದಿಯಡ್ಕದ ಸಮೀಪ, ಮನೆಯ ಹಿಂದಿನ ಮುರಕಲ್ಲಿನ ಪಾದೆಯ (ಬಂಡೆ ಹಾಸಿನ) ಅಂಚಿನಲ್ಲಿ, ಹ್ಯಾಮ್ (ಹವ್ಯಾಸಿ) ರೇಡಿಯೋದ 20 ಮೀಟರ್ ಬ್ಯಾಂಡಿಗಾಗಿ ಕಾಲು ತರಂಗಾಂತರದ ವರ್ಟಿಕಲ್ ಆಂಟೆನಾವನ್ನು ನಿಲ್ಲಿಸಿದ್ದೇನೆ. ಅಲ್ಯೂಮಿನಿಯಂ ಕೊಳವೆಯ ಉದ್ದ 5.06 ಮೀಟರ್, ಬುಡದ ಸುತ್ತ 5 ಮೀಟರ್ ಉದ್ದದ 32 ರೇಡಿಯಲ್ ತಂತಿಗಳನ್ನು ನೆಲದ ಮೇಲೆಯೇ ಹಾಸಿದ್ದೇನೆ. 14.1 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ (ಕೇಬಲ್ಲಿಗೂ ಆಂಟೆನಾಕ್ಕೂ ಇರುವ ಹೊಂದಿಕೆಯ ಅಳತೆ; 1 ಎಂದರೆ ಪೂರ್ಣ ಹೊಂದಿಕೆ) 1.3ರ ಆಸುಪಾಸಿನಲ್ಲಿದೆ. ಗಲ್ಫಿನ ಕಡೆಯ ನಿಲಯಗಳು ಸಂಜೆ ಹೊತ್ತು ಚೆನ್ನಾಗಿ ಸಿಗುತ್ತವೆ, ದಿಲ್ಲಿ ಮತ್ತು ಕೋಲ್ಕತ್ತ ಸಾಧಾರಣವಾಗಿ ಸಿಗುತ್ತವೆ, ಬೆಂಗಳೂರು ಮಾತ್ರ ಕಿವಿಗೆ ಬೀಳುವುದೇ ಇಲ್ಲ.

ಇದರ ಆಧಾರದಿಂದ ನನ್ನ ಆಂಟೆನಾದ ವಿಕಿರಣ ಕೋನ, ಅಂದರೆ ತರಂಗವು ದಿಗಂತದಿಂದ ಎಷ್ಟು ಮೇಲಕ್ಕೆ ಹೊರಡುತ್ತದೆ ಎಂಬ ಕೋನ, ತಗ್ಗಿನಲ್ಲಿದೆ ಎಂದು ಕೆಲವರು ಹೇಳುತ್ತಾರೆ. ಒಬ್ಬರು 15 ಡಿಗ್ರಿ ಎನ್ನುತ್ತಾರೆ, ಇನ್ನೊಬ್ಬರು 25 ಡಿಗ್ರಿ ಎನ್ನುತ್ತಾರೆ. ರೇಡಿಯಲ್‌ಗಳನ್ನು 60ಕ್ಕೆ ಏರಿಸಿದರೆ ಕೋನ ಇನ್ನೂ ಕೆಳಗಿಳಿಯುತ್ತದೆ ಎನ್ನುವವರೂ ಇದ್ದಾರೆ. ಊಹೆಯನ್ನು ಬಿಟ್ಟು ಅಳೆದು ನೋಡಬೇಕೆಂಬುದು ನನ್ನ ಆಸೆ. ಉದ್ದನೆಯ ಬಿದಿರಿನ ತುದಿಗೆ ಕ್ಷೇತ್ರಬಲ ಮಾಪಕವನ್ನು ಕಟ್ಟಿ, ಆಂಟೆನಾದಿಂದ 40 ಮೀಟರ್ ದೂರದಲ್ಲಿ ಬೇರೆ ಬೇರೆ ಎತ್ತರಗಳಲ್ಲಿ ಓದುಗಳನ್ನು ತೆಗೆದುಕೊಂಡರೆ ಸಾಕಾಗುವುದೇ? ಸಾಲದಿದ್ದರೆ, ಮನೆಯ ಮಟ್ಟದಲ್ಲಿ ಮಾಡಬಹುದಾದ ಬೇರೆ ದಾರಿ ಯಾವುದು?

ಉತ್ತರ — ಕಡಲಕರೆ (ಮಂಜೇಶ್ವರ)

ಬಿದಿರಿನ ಪ್ರಯೋಗದಿಂದ ಒಂದು ಸಂಖ್ಯೆ ಸಿಗುತ್ತದೆ, ಆದರೆ ಅದು ನೀವು ಕೇಳುತ್ತಿರುವ ಸಂಖ್ಯೆಯಲ್ಲ. 40 ಮೀಟರ್ ಎಂದರೆ ನಿಮ್ಮ ಆವೃತ್ತಿಯಲ್ಲಿ ಎರಡು ತರಂಗಾಂತರವೂ ಪೂರ್ತಿ ಆಗುವುದಿಲ್ಲ. ಅಷ್ಟು ಹತ್ತಿರದಲ್ಲಿ, ನೆಲಕ್ಕೆ ಅಂಟಿಕೊಂಡು ಸಾಗುವ ಮೇಲ್ಮೈ ತರಂಗವು ಇನ್ನೂ ಪ್ರಬಲವಾಗಿರುತ್ತದೆ. ಅಯಾನುಗೋಳಕ್ಕೆ (ವಾತಾವರಣದ ಮೇಲಿನ, ರೇಡಿಯೋ ತರಂಗವನ್ನು ಬಗ್ಗಿಸುವ ಪದರಗಳಿಗೆ) ಹೋಗಿ ಬಗ್ಗಿ ದುಬೈಯಲ್ಲಿ ಇಳಿಯುವ ಸಂಕೇತದಲ್ಲಿ ಈ ಮೇಲ್ಮೈ ತರಂಗದ ಪಾಲು ಏನೂ ಇರುವುದಿಲ್ಲ. ಅದು ಕೆಲವು ಕಿಲೋಮೀಟರುಗಳೊಳಗೆ ಮಣ್ಣಿನಲ್ಲಿಯೇ ಕರಗಿಹೋಗುತ್ತದೆ. ಹಾಗಾಗಿ ಬಿದಿರಿನ ತುದಿಯ ಮಾಪಕವು ದಿಗಂತದ ಕಡೆಗೆ, ಅಂದರೆ 0 ಡಿಗ್ರಿಯ ಸಮೀಪದಲ್ಲಿ, ದೊಡ್ಡ ಬಲವನ್ನು ತೋರಿಸಿ ನಿಮ್ಮನ್ನು ಸಂತೋಷಪಡಿಸುತ್ತದೆ, ಆದರೆ ದೂರಕ್ಷೇತ್ರದಲ್ಲಿ, ಅಂದರೆ ಆಂಟೆನಾದಿಂದ ಬಹಳ ದೂರದಲ್ಲಿ, ಆ ಬಲ ಇರುವುದಿಲ್ಲ.

ನೆಲಮಟ್ಟದ ಅಳತೆಯೇ ನಿರರ್ಥಕ ಎಂದು ಇದರ ಅರ್ಥವಲ್ಲ. 1937ರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯ ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೀನ್ ಅವರು 3 ಮೆಗಾಹರ್ಟ್ಸ್‌ನಲ್ಲಿ ವರ್ಟಿಕಲ್ ಆಂಟೆನಾಗಳ ಬುಡಕ್ಕೆ 113ರವರೆಗೆ ರೇಡಿಯಲ್‌ಗಳನ್ನು ಹೂತು, ಒಂದು ನಿರ್ದಿಷ್ಟ ದೂರದಲ್ಲಿ ನೆಲಮಟ್ಟದ ಕ್ಷೇತ್ರಬಲವನ್ನು ಅಳೆದರು. ಇಂದಿಗೂ ಮೀಡಿಯಂ ವೇವ್ ಪ್ರಸಾರ ಕೇಂದ್ರಗಳ 120 ರೇಡಿಯಲ್‌ಗಳ ರೂಢಿಗೆ ಆಧಾರ ಆ ಕೆಲಸವೇ. ಆದರೆ ಅವರು ಅಳೆದದ್ದು ದಕ್ಷತೆಯನ್ನು: ಕೊಟ್ಟ ಶಕ್ತಿಯಲ್ಲಿ ಎಷ್ಟು ಪಾಲು ಮಣ್ಣಿನ ಬಿಸಿಯಾಗಿ ಪೋಲಾಗದೆ ಹೊರಗೆ ಹೋಗುತ್ತದೆ ಎಂಬುದನ್ನು. ಕೋನವು ಅವರ ಪ್ರಶ್ನೆಯಾಗಿರಲಿಲ್ಲ. ನಿಮ್ಮ ಗೆಳೆಯರು ಹೇಳುವ 60 ರೇಡಿಯಲ್‌ಗಳ ಮಾತೂ ಈ ದಕ್ಷತೆಯ ಮಟ್ಟಿಗೆ ಸ್ವಲ್ಪ ನಿಜ, ಕೋನದ ಮಟ್ಟಿಗೆ ಅಲ್ಲ.

ಅಲ್ಲ ಎನ್ನುವುದಕ್ಕೆ ಕಾರಣವನ್ನು ಒಂದು ಸರಳ ಲೆಕ್ಕದಿಂದ ಕಾಣಬಹುದು. ಒಂದು ಏರುಕೋನದಲ್ಲಿ ಹೊರಡುವ ತರಂಗವು ಆಂಟೆನಾದಿಂದ ನೇರವಾಗಿ ಬಂದ ಭಾಗ ಮತ್ತು ನೆಲದಿಂದ ಪ್ರತಿಫಲಿಸಿದ ಭಾಗಗಳ ಮೊತ್ತ. ಪ್ರತಿಫಲನದಲ್ಲಿ ಮುಖ್ಯವಾಗಿ ಪಾಲುಗೊಳ್ಳುವ ನೆಲದ ಪಟ್ಟಿ, ಅಂದರೆ ಮೊದಲ ಫ್ರೆನೆಲ್ ವಲಯ, ಎಲ್ಲಿಯವರೆಗೆ ಚಾಚುತ್ತದೆ ಎಂಬುದು ಅರ್ಧ ತರಂಗಾಂತರವನ್ನು ಒಂದರಿಂದ ಆ ಕೋನದ ಕೊಸೈನ್ ಕಳೆದ ಸಂಖ್ಯೆಯಿಂದ ಭಾಗಿಸಿದರೆ ಸ್ಥೂಲವಾಗಿ ಸಿಗುತ್ತದೆ. 30 ಡಿಗ್ರಿಗೆ ಅದು ಸುಮಾರು 4 ತರಂಗಾಂತರ, ಎಂದರೆ 80 ಮೀಟರ್. 20 ಡಿಗ್ರಿಗೆ ಸುಮಾರು 175 ಮೀಟರ್. 10 ಡಿಗ್ರಿಗೆ 700 ಮೀಟರ್. 5 ಡಿಗ್ರಿಗೆ ಎರಡೂಮುಕ್ಕಾಲು ಕಿಲೋಮೀಟರು. ನಿಮ್ಮ ರೇಡಿಯಲ್‌ಗಳು 5 ಮೀಟರಿಗೆ ಮುಗಿಯುತ್ತವೆ. ಅವುಗಳ ಸಂಖ್ಯೆಯನ್ನು ಎಷ್ಟು ಹೆಚ್ಚಿಸಿದರೂ 10 ಡಿಗ್ರಿಯ ಭವಿಷ್ಯವನ್ನು ತೀರ್ಮಾನಿಸುವುದು ನೆರೆಮನೆಯವರ ತೋಟ, ಅದರಾಚೆಯ ಬೈಲು ಮತ್ತು ಅದಕ್ಕೂ ಆಚೆಯ ಗುಡ್ಡೆ.

ಆ ನೆಲವು ಒಳ್ಳೆಯ ವಾಹಕವಲ್ಲದಿದ್ದರೆ, ತಗ್ಗಿನ ಕೋನಗಳಲ್ಲಿ ಪ್ರತಿಫಲಿತ ತರಂಗವು ವಿರುದ್ಧ ಹಂತದಲ್ಲಿ ಬಂದು ನೇರ ತರಂಗವನ್ನು ಕಳೆಯುತ್ತದೆ. ಕೂಡಿಸುವುದು ನಿಂತು ಕಳೆಯುವುದು ಶುರುವಾಗುವ ಗಡಿಯನ್ನು ಮಿಥ್ಯಾ ಬ್ರೂಸ್ಟರ್ ಕೋನ ಎನ್ನುತ್ತಾರೆ. 14 ಮೆಗಾಹರ್ಟ್ಸ್‌ನಲ್ಲಿ, ಪಠ್ಯಗಳು ‘ಸಾಧಾರಣ’ ಎನ್ನುವ ನೆಲಕ್ಕೆ, ಅಂದರೆ ವಾಹಕತೆ ಮೀಟರಿಗೆ 0.005 ಸೀಮೆನ್ಸ್ ಮತ್ತು ಡೈಎಲೆಕ್ಟ್ರಿಕ್ ಸ್ಥಿರಾಂಕ 13 ಇರುವ ನೆಲಕ್ಕೆ, ಅದು 15 ಡಿಗ್ರಿಯ ಸಮೀಪದಲ್ಲಿದೆ. ವಾಹಕತೆ 0.001 ಮತ್ತು ಸ್ಥಿರಾಂಕ 5 ಇರುವ ಒಣ ಕಲ್ಲುನೆಲಕ್ಕೆ 24 ಡಿಗ್ರಿಯ ಸಮೀಪ. ನಮ್ಮ ಮಂಜೇಶ್ವರದ ಕಡಲ ನೀರಿಗೆ ಅದು 1 ಡಿಗ್ರಿಗಿಂತಲೂ ಕಡಿಮೆ. ಕಡಲ ಅಂಚಿನ ವರ್ಟಿಕಲ್‌ಗಳ ಬಗ್ಗೆ ಹ್ಯಾಮ್‌ಗಳು ಕಥೆ ಕಟ್ಟುವುದಕ್ಕೆ ಸಾಕಷ್ಟು ಭೌತಿಕ ಕಾರಣವಿದೆ. ನಿಮ್ಮ ಗೆಳೆಯರ 15 ಡಿಗ್ರಿ ಬಹುಶಃ ಈ ಗಡಿಯ ಸಂಖ್ಯೆ, 25 ಡಿಗ್ರಿ ಶಿಖರದ, ಅಂದರೆ ಬಲ ಗರಿಷ್ಠವಾಗುವ ಕೋನದ, ಸಂಖ್ಯೆ. ಇಬ್ಬರೂ ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿದ್ದಾರೆ.

ಇನ್ನು ಅಳತೆಗೆ ಕೈಹಾಕುವ ಮೊದಲೇ ಯೋಚಿಸಬೇಕಾದ ಒಂದು ವಿಷಯವಿದೆ. ಸಾಧಾರಣ ನೆಲದ ಮೇಲೆ ಕಾಲು ತರಂಗಾಂತರದ ವರ್ಟಿಕಲ್‌ನ ವಿಕಿರಣ ರೇಖೆಯ ಶಿಖರವು 25 ಡಿಗ್ರಿಯ ಆಚೀಚೆ ಇರುತ್ತದೆ, ಆದರೆ ಅದು ಶಿಖರವೆನ್ನಿಸಿಕೊಳ್ಳುವಷ್ಟು ಚೂಪಾಗಿಲ್ಲ. ನಿಮ್ಮ ಪಾದೆಯಂತೆಯೇ ಚಪ್ಪಟೆ. 18 ಡಿಗ್ರಿಯಿಂದ 35 ಡಿಗ್ರಿಯವರೆಗೆ ಬಲದ ವ್ಯತ್ಯಾಸ ಒಂದು ಡೆಸಿಬೆಲ್‌ಗಿಂತ ಕಡಿಮೆ. ಮನೆಯಲ್ಲಿ ಕಟ್ಟಿದ ಯಾವುದೇ ಸಾಧನದ ನಿಖರತೆ ಒಂದು ಡೆಸಿಬೆಲ್‌ಗಿಂತ ಉತ್ತಮವಾಗಿರುವುದು ಅಪರೂಪ. ಆದ್ದರಿಂದ ‘ಗರಿಷ್ಠ ಯಾವ ಕೋನದಲ್ಲಿದೆ’ ಎಂದು ಹುಡುಕಿದರೆ ಇಂದು 20 ಸಿಗಬಹುದು, ನಾಳೆ 32 ಸಿಗಬಹುದು, ಎರಡೂ ಸರಿಯಾಗಿಯೇ ಇರುತ್ತವೆ. ಅಳೆಯಲು ಯೋಗ್ಯವಾದದ್ದು ರೇಖೆಯ ಕೆಳಗಿನ ಇಳಿಜಾರು: 10 ಡಿಗ್ರಿಯಲ್ಲಿ ಬಲ 30 ಡಿಗ್ರಿಗಿಂತ ಎಷ್ಟು ಡೆಸಿಬೆಲ್ ಕಡಿಮೆ? ಸಾಧಾರಣ ನೆಲಕ್ಕೆ ಇದು ಎರಡರಿಂದ ಮೂರು ಡೆಸಿಬೆಲ್. ಮುರಕಲ್ಲಿಗೆ ಇನ್ನೂ ಹೆಚ್ಚಿರಬಹುದು. ದೂರದ ಸಂಪರ್ಕಕ್ಕೆ ಬೇಕಾದ ಉತ್ತರವೂ ಇದೇ.

ಉತ್ತರ — ಕುಂಬಳೆ_ಹೊಳೆಬದಿ

ಮೇಲಿನ ಮಾತಿಗೆ ಒಂದು ಪೂರ್ವಸಿದ್ಧತೆಯನ್ನು ಮಾತ್ರ ಸೇರಿಸುತ್ತೇನೆ. ಏನನ್ನು ಅಳೆಯುವುದಾದರೂ ಮೊದಲು ಆಂಟೆನಾದ ಬುಡದಲ್ಲಿ ಕೊಆಕ್ಸ್ ಕೇಬಲ್ಲಿಗೆ ಒಳ್ಳೆಯ ಫೆರೈಟ್ ಚೋಕ್ (ಹೊರ ಹೊದಿಕೆಯ ಕರೆಂಟನ್ನು ತಡೆಯುವ ಸಾಧನ) ಹಾಕಿರಿ. ಕೇಬಲ್ಲಿನ ಹೊರ ಹೊದಿಕೆಯ ಮೇಲೆ ಹರಿಯುವ ಕರೆಂಟು ಮನೆಯ ಗೋಡೆಯವರೆಗೂ ಹೋಗಿ ವಿಕಿರಣ ಮಾಡುತ್ತಿದ್ದರೆ ನೀವು ಅಳೆಯುವುದು ಆಂಟೆನಾವನ್ನಲ್ಲ, ಆಂಟೆನಾ, ಕೇಬಲ್ ಮತ್ತು ವಿದ್ಯುತ್ ವೈರಿಂಗ್ ಸೇರಿದ ಇನ್ನೊಂದು ವಸ್ತುವನ್ನು. ಕೇಬಲ್ಲನ್ನು ಕ್ಲ್ಯಾಂಪ್ ಮಾದರಿಯ ಕರೆಂಟ್ ಮಾಪಕದಿಂದ ಒಮ್ಮೆ ತಡವಿ ನೋಡಿದರೆ ಗೊತ್ತಾಗುತ್ತದೆ. ಪಾದೆಯ ಮೇಲೆ ಎಸ್‌ಡಬ್ಲ್ಯುಆರ್ ಚೆನ್ನಾಗಿ ಕಾಣಿಸಿದೆ ಎಂಬುದು ಸಮಾಧಾನಪಡಬೇಕಾದ ವಿಷಯವೇನೂ ಅಲ್ಲ. ನೆಲದ ನಷ್ಟದ ಓಮ್‌ಗಳು ಸೇರಿಕೊಂಡು 36 ಓಮ್‌ನ ಆಂಟೆನಾ ಕೇಬಲ್ಲಿನ 50ರ ಹತ್ತಿರ ಬಂದಿರಲೂಬಹುದು.

ಉತ್ತರ — ಪೊಸಡಿಗುಂಪೆ (ಪೆರ್ಲ)

ಬಿದಿರಿನ ಬದಲಿಗೆ ಡ್ರೋನ್. ದೊಡ್ಡ ಸಂಸ್ಥೆಗಳು ಹೆಲಿಕಾಪ್ಟರಿನಿಂದ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಸಾಧಾರಣ ಡ್ರೋನ್ ಮಾಡಬಲ್ಲದು, ಆದರೆ ಹಾರಿಸುವ ದಾರಿಯನ್ನು ಸರಿಯಾಗಿ ಆರಿಸಬೇಕು.

ಬಹಳ ಜನ ಆಂಟೆನಾದಿಂದ ಒಂದು ನಿಗದಿತ ದೂರಕ್ಕೆ ಹೋಗಿ ಅಲ್ಲಿಂದ ನೆಟ್ಟಗೆ ಮೇಲಕ್ಕೆ ಏರಿಸುತ್ತಾರೆ. 200 ಮೀಟರ್ ದೂರದಲ್ಲಿ ಹೀಗೆ ಮಾಡಿದರೆ 10 ಡಿಗ್ರಿಯ ಓದು 35 ಮೀಟರ್ ಎತ್ತರದಲ್ಲಿ ಸಿಗುತ್ತದೆ, ಆದರೆ ‘ಕಡಲಕರೆ’ಯವರು ಹೇಳಿದ 700 ಮೀಟರಿನ ವಲಯದ ಒಳಗೇ ನೀವಿರುತ್ತೀರಿ, ಮೇಲ್ಮೈ ತರಂಗವೂ ಬೆರೆತಿರುತ್ತದೆ. ಅದರ ಬದಲು ಎತ್ತರವನ್ನು 120 ಮೀಟರಿಗೆ ಸ್ಥಿರಗೊಳಿಸಿ, ಆಂಟೆನಾದಿಂದ ದೂರ ದೂರಕ್ಕೆ ಸಾಗಿರಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ಅನುಮತಿಯಿಲ್ಲದೆ ಹಾರಿಸಬಹುದಾದ ಎತ್ತರವೂ ಅಷ್ಟೇ. ನಿಮ್ಮ ಜಾಗ ಹಸಿರು ವಲಯದಲ್ಲಿದೆಯೇ ಎಂಬುದನ್ನು ಡಿಜಿಟಲ್ ಸ್ಕೈ ಎಂಬ ಸರಕಾರಿ ಜಾಲತಾಣದ ನಕಾಶೆಯಲ್ಲಿ ಹಾರಿಸುವ ದಿನವೇ ನೋಡಿಕೊಳ್ಳಿ. 120 ಮೀಟರ್ ಎತ್ತರದಲ್ಲಿ, 208 ಮೀಟರ್ ದೂರದಲ್ಲಿ 30 ಡಿಗ್ರಿ, 330 ಮೀಟರಿನಲ್ಲಿ 20 ಡಿಗ್ರಿ, 448 ಮೀಟರಿನಲ್ಲಿ 15 ಡಿಗ್ರಿ, 680 ಮೀಟರಿನಲ್ಲಿ 10 ಡಿಗ್ರಿ ಸಿಗುತ್ತದೆ. ಕೋನ ತಗ್ಗಿದಂತೆ ದೂರ ತಾನಾಗಿಯೇ ಹೆಚ್ಚುತ್ತದೆ, ಮತ್ತು 10 ಡಿಗ್ರಿಯವರೆಗೆ ಅದು ಬೇಕಾದಷ್ಟೇ ಇರುತ್ತದೆ. 5 ಡಿಗ್ರಿಗೆ 1,370 ಮೀಟರ್ ಹೋಗಬೇಕಾಗುತ್ತದೆ. ಅಲ್ಲಿ ಡ್ರೋನ್ ಕಣ್ಣಿಗೆ ಕಾಣಿಸುವುದಿಲ್ಲ, ಕಣ್ಣಳತೆಯ ಆಚೆ ಹಾರಿಸುವಂತೆಯೂ ಇಲ್ಲ, ಹಾಗೆ ಮಾಡಿದರೂ ದೂರ ಸಾಲದು. 10 ಡಿಗ್ರಿಗೆ ನಿಲ್ಲಿಸುವುದು ಲೇಸು.

ಡ್ರೋನಿನಲ್ಲಿ ಪ್ರೇಷಕವನ್ನು ಕಟ್ಟಬೇಡಿ, ಪರವಾನಗಿಯ ತಲೆನೋವು. ನಿಮ್ಮ ನೆಲದ ಆಂಟೆನಾದಿಂದಲೇ 10 ವಾಟ್ ನಿರಂತರ ವಾಹಕವನ್ನು, ಕರೆಚಿಹ್ನೆಯನ್ನು ಆಗಾಗ ಹೇಳುತ್ತ, ಪ್ರಸಾರ ಮಾಡಿ. ಡ್ರೋನಿನ ಕೆಳಗೆ 4–5 ಮೀಟರ್ ನೈಲಾನ್ ದಾರದಲ್ಲಿ ಒಂದು ಮೀಟರ್ ಉದ್ದದ ಡೈಪೋಲ್ (ಎರಡು ತೋಳಿನ ಆಂಟೆನಾ) ನೆಟ್ಟಗೆ ತೂಗಲಿ. ಅದರ ನಡುವೆ 14 ಮೆಗಾಹರ್ಟ್ಸ್‌ನ ಫಿಲ್ಟರ್, ಎಡಿ8307 ಎಂಬ ಲಾಗರಿದಮ್ ಡಿಟೆಕ್ಟರ್ ಚಿಪ್, ಒಂದು ಸಣ್ಣ ಮೈಕ್ರೋಕಂಟ್ರೋಲರ್, ಮೆಮೊರಿ ಕಾರ್ಡ್ ಮತ್ತು ಪುಟ್ಟ ಬ್ಯಾಟರಿ ಇದ್ದರೆ ಸಾಕು. ಆ ಚಿಪ್ಪು ಪ್ರತಿ ಡೆಸಿಬೆಲ್‌ಗೆ 25 ಮಿಲಿವೋಲ್ಟ್‌ನಂತೆ ಕೊಡುತ್ತದೆ. ವೋಲ್ಟೇಜನ್ನು ಅಂಕಿಯಾಗಿಸುವ ಸರಳ ಎಡಿಸಿಯಿಂದಲೇ ಓದಬಹುದು. ಡೈಪೋಲಿನಿಂದ ಡ್ರೋನಿಗೆ ಯಾವ ಲೋಹದ ತಂತಿಯೂ ಹೋಗಬಾರದು.

ತಿದ್ದುಪಡಿಗಳು ಎರಡು. ದೂರಕ್ಕೆ ತಕ್ಕಂತೆ ಬಲ ಕುಗ್ಗುವುದನ್ನು ಸರಿಪಡಿಸಬೇಕು: ಓರೆಯಾಗಿ ಅಳೆದ ದೂರ 30 ಡಿಗ್ರಿಯಲ್ಲಿ 240 ಮೀಟರ್, 10 ಡಿಗ್ರಿಯಲ್ಲಿ 691 ಮೀಟರ್; ಆದ್ದರಿಂದ 10 ಡಿಗ್ರಿಯ ಓದಿಗೆ 9.2 ಡೆಸಿಬೆಲ್ ಸೇರಿಸಿದರೆ ಎರಡೂ ಹೋಲಿಕೆಗೆ ಬರುತ್ತವೆ. 20 ಡಿಗ್ರಿಗೆ ಇದು 3.3, 15 ಡಿಗ್ರಿಗೆ 5.7. ಎರಡನೆಯದು ತೂಗುವ ಡೈಪೋಲಿನದೇ ಕೋನದ ಪ್ರಭಾವ. ಅದು ಕೊಸೈನಿನಂತೆ ಕುಗ್ಗುತ್ತದೆ, 30 ಡಿಗ್ರಿಯಲ್ಲಿ 1.25 ಡೆಸಿಬೆಲ್, 10 ಡಿಗ್ರಿಯಲ್ಲಿ ನಗಣ್ಯ. ಗಾಳಿಗೆ ಡೈಪೋಲ್ ವಾಲಿದರೆ ಈ ಎರಡನೆಯ ಲೆಕ್ಕ ಕೆಡುತ್ತದೆ. ಆದ್ದರಿಂದ ಹೋಗುವಾಗ ಮತ್ತು ಬರುವಾಗ ಎರಡೂ ದಿಕ್ಕಿನಲ್ಲಿ ಓದಿ ಸರಾಸರಿ ತೆಗೆಯುವುದು ವಾಸಿ. ಇನ್ನೊಂದು ಮಾತು: ಎತ್ತರವನ್ನು ಡ್ರೋನ್ ತಾನು ಹಾರಿದ ಜಾಗದಿಂದ ಎಣಿಸುತ್ತದೆ. ಆಂಟೆನಾದ ಬುಡದಿಂದಲೇ ಹಾರಿಸಿದರೆ ನಮ್ಮ ಏರುತಗ್ಗಿನ ನೆಲದಲ್ಲಿ ಕೋನದ ಲೆಕ್ಕ ತಪ್ಪುವುದಿಲ್ಲ. ಕಾನೂನಿನ 120 ಮೀಟರ್ ಮಾತ್ರ ಕೆಳಗಿರುವ ನೆಲದಿಂದ ಎಣಿಸುವಂಥದ್ದು. ಪಡುವಣಕ್ಕೆ ಬೈಲು ತಗ್ಗಿದ್ದರೆ ಅಷ್ಟು ಕಡಿಮೆ ಎತ್ತರವನ್ನು ಆರಿಸಿ ದೂರಗಳನ್ನು ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಿ.

ಉತ್ತರ — ಶೇಡಿ_ಮತ್ತು_ಸುರಂಗ (ಮುಳ್ಳೇರಿಯ)

ಡ್ರೋನ್ ಇಲ್ಲದವರಿಗೆ ಗಣಕದ ಮಾದರಿಯೇ ಗತಿ, ಮತ್ತು ಅದು ಕೆಟ್ಟ ಗತಿಯೇನೂ ಅಲ್ಲ. 1981ರ ನೆಕ್-2 ಲೆಕ್ಕವಿಧಾನದ ಮೇಲೆ ನಿಂತ 4ನೆಕ್2 ಎಂಬ ಆಂಟೆನಾ ತಂತ್ರಾಂಶ ಉಚಿತ. 2022ರಿಂದ ಈಜಿನೆಕ್ ಕೂಡ ಉಚಿತ. ಒಂದೇ ಎಚ್ಚರಿಕೆ ಎಂದರೆ ನೆಕ್-2ರಲ್ಲಿ ತಂತಿಯನ್ನು ಮಣ್ಣಿನೊಳಗೆ ಹೂಳುವಂತಿಲ್ಲ. ರೇಡಿಯಲ್‌ಗಳನ್ನು ನೆಲದಿಂದ ಕೆಲವು ಸೆಂಟಿಮೀಟರ್ ಮೇಲೆ ಇರಿಸಿ, ಸೊಮ್ಮರ್‌ಫೆಲ್ಡ್ ನೆಲದ ಆಯ್ಕೆಯನ್ನು ಬಳಸಬೇಕು.

ಮಾದರಿಯ ಉತ್ತರವು ನೀವು ಕೊಡುವ ನೆಲದ ಸಂಖ್ಯೆಗಳಷ್ಟೇ ಸತ್ಯ. ‘ಸಾಧಾರಣ ನೆಲ’ ಎಂಬ ಗುಂಡಿಯನ್ನು ಒತ್ತಿ ಸಿಕ್ಕ 25 ಡಿಗ್ರಿಯನ್ನು ಕಾಸರಗೋಡಿನ ಪಾದೆಗೆ ಹಚ್ಚುವುದು ನ್ಯಾಯವಲ್ಲ. ನೆಲವನ್ನು ಅಳೆಯುವುದು ಆಂಟೆನಾವನ್ನು ಅಳೆಯುವುದಕ್ಕಿಂತ ಸುಲಭ. 6 ಮಿಲಿಮೀಟರ್ ದಪ್ಪದ, 30 ಸೆಂಟಿಮೀಟರ್ ಉದ್ದದ ಎರಡು ಸ್ಟೀಲ್ ಸರಳುಗಳನ್ನು 75 ಮಿಲಿಮೀಟರ್ ಅಂತರದಲ್ಲಿ ಒಂದು ಪ್ಲಾಸ್ಟಿಕ್ ತುಂಡಿಗೆ ಜೋಡಿಸಿ. ಗಾಳಿಯಲ್ಲಿ ಇವುಗಳ ನಡುವಿನ ಧಾರಕತೆ ಲೆಕ್ಕದ ಪ್ರಕಾರ 2.6 ಪಿಕೊಫ್ಯಾರಡ್. ಸರಳುಗಳನ್ನು ಮಣ್ಣಿಗೆ ಪೂರ್ತಿ ಇಳಿಸಿ, ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಆಂಟೆನಾ ವಿಶ್ಲೇಷಕದಿಂದ 14 ಮೆಗಾಹರ್ಟ್ಸ್‌ನಲ್ಲಿ ಸಮಾಂತರ ಧಾರಕತೆಯನ್ನೂ ಸಮಾಂತರ ರೋಧವನ್ನೂ ಓದಿ. ಧಾರಕತೆ ಎಷ್ಟು ಪಟ್ಟು ಹೆಚ್ಚಾಯಿತೋ ಅದೇ ಡೈಎಲೆಕ್ಟ್ರಿಕ್ ಸ್ಥಿರಾಂಕ. ವಾಹಕತೆಗೆ ರೋಧವನ್ನು ತಲೆಕೆಳಗು ಮಾಡಿ, 8.854 ಪಿಕೊಫ್ಯಾರಡ್‌ನಿಂದ ಗುಣಿಸಿ, ಗಾಳಿಯ ಧಾರಕತೆಯಿಂದ ಭಾಗಿಸಿ. ಸಾಧಾರಣ ನೆಲವಾಗಿದ್ದರೆ ಸುಮಾರು 34 ಪಿಕೊಫ್ಯಾರಡ್ ಮತ್ತು ಸುಮಾರು 680 ಓಮ್ ಕಾಣಬೇಕು. ಎರಡೂ ಆ ಪುಟ್ಟ ಸಾಧನ ಆರಾಮವಾಗಿ ಅಳೆಯುವ ವ್ಯಾಪ್ತಿಯಲ್ಲಿವೆ. ಮುರಕಲ್ಲಿಗೆ ಮೊದಲು ಡ್ರಿಲ್ಲಿನಿಂದ ಬಿಗಿಯಾದ ತೂತು ಕೊರೆಯಬೇಕಾದೀತು. ಸರಳಿನ ಸುತ್ತ ಗಾಳಿಯ ಸಂದು ಉಳಿದರೆ ಧಾರಕತೆ ಕಡಿಮೆ ಕಾಣಿಸುತ್ತದೆ.

ಆದರೆ ಮೇಲಿನ 30 ಸೆಂಟಿಮೀಟರ್ ನೆಲವೇ ಎಲ್ಲವೂ ಅಲ್ಲ. 14 ಮೆಗಾಹರ್ಟ್ಸ್‌ನಲ್ಲಿ ತರಂಗವು ಸಾಧಾರಣ ಮಣ್ಣಿನೊಳಕ್ಕೆ 4 ಮೀಟರಿನಷ್ಟು ಇಳಿಯುತ್ತದೆ, ಒಣಗಿದ್ದರೆ ಇನ್ನೂ ಆಳಕ್ಕೆ. ನಮ್ಮಲ್ಲಿ ಮೇಲೆ ಗಟ್ಟಿ ಮುರಕಲ್ಲಿನ ಹೊದಿಕೆ, ಅದರ ಕೆಳಗೆ ನೀರು ಹಿಡಿದಿಡುವ ನುಣುಪಾದ ಶೇಡಿ ಮಣ್ಣು; ಎರಡರ ವಿದ್ಯುತ್ ಗುಣಗಳೂ ಬೇರೆ. ನಿಮ್ಮ ಗುಡ್ಡೆಯಲ್ಲಿ ನೀರಿಗಾಗಿ ಅಡ್ಡಲಾಗಿ ತೋಡಿದ ಹಳೆಯ ಸುರಂಗವಿದ್ದರೆ ಅದರ ಬಾಯಿಯ ಪಕ್ಕದ ಗೋಡೆಯಲ್ಲಿ ಯಾವ ಆಳದಲ್ಲಿ ಯಾವ ಪದರವಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಸುರಂಗ ತೋಡುವ ಹಿರಿಯರು ಈ ಪದರಗಳನ್ನು ನಮಗಿಂತ ಚೆನ್ನಾಗಿ ಓದಬಲ್ಲರು. ಅವರನ್ನು ಕೇಳುವುದಕ್ಕೆ ನಾಚಿಕೆ ಬೇಡ. ಹೊಸದಾಗಿ ಕಡಿದ ಗೋಡೆಗೆ ಸರಳುಗಳನ್ನು ಅಡ್ಡಲಾಗಿ ಚುಚ್ಚಿ ಪ್ರತಿ ಪದರವನ್ನೂ ಅಳೆಯಬಹುದು.

ಹಾಗೆಯೇ ಆಟಿಯ ಮಳೆಯಲ್ಲಿ ಅಳೆದ ಸಂಖ್ಯೆ ಮೇ ತಿಂಗಳಿಗೆ ಸಲ್ಲದು. ಎರಡೂ ಕಾಲದಲ್ಲಿ ಅಳೆದು ಎರಡು ರೇಖೆಗಳನ್ನು ಎಳೆಯಿರಿ. ನಿಮ್ಮ ಆಂಟೆನಾ ವರ್ಷವಿಡೀ ಆ ಎರಡರ ನಡುವೆ ಓಡಾಡುತ್ತಿರುತ್ತದೆ.

ಪ್ರಶ್ನಿಸಿದವರ ಮರುಮಾತು — ಪಾದೆಯಂಚು (ನೀರ್ಚಾಲು)

ಎಲ್ಲರಿಗೂ ಕೃತಜ್ಞತೆಗಳು. ಸರಳುಗಳ ಸಾಧನವನ್ನು ಮೊದಲು ಮಾಡುತ್ತೇನೆ. ಪೆರ್ಲದವರ ಡ್ರೋನ್ ವಿಧಾನವೂ ಅರ್ಥವಾಯಿತು. ಉಳಿದದ್ದು ಮೂರು ಸಂದೇಹಗಳು. ಗಲ್ಫಿನ ಸಂಕೇತ ಚೆನ್ನಾಗಿ ಸಿಗುವುದರಿಂದ ಕೋನ ತಗ್ಗಿನಲ್ಲಿದೆ ಎಂದು ಹೇಳುವುದು ಎಷ್ಟರ ಮಟ್ಟಿಗೆ ಸರಿ? ಪಾದೆಯು ಪಡುವಣಕ್ಕೆ ಸುಮಾರು 8 ಡಿಗ್ರಿ ಇಳಿಜಾರಾಗಿ, 100 ಮೀಟರಿನಾಚೆ ಬೈಲಿಗೆ ಸೇರುತ್ತದೆ. ಈ ಇಳಿಜಾರು ನನಗೆ ಅನುಕೂಲವೇ? ಬೈಲಿನಲ್ಲಿ ಒತ್ತಾದ ಅಡಿಕೆ ತೋಟವಿದೆ, ಅದರಿಂದ ತೊಂದರೆಯೇ?

ಉತ್ತರ — ಕಡಲಕರೆ (ಮಂಜೇಶ್ವರ)

ಗಲ್ಫಿನ ವಿಷಯ ಮೊದಲು. ಇಲ್ಲಿಂದ ದುಬೈಗೆ ಸುಮಾರು 2,500 ಕಿಲೋಮೀಟರ್. ಅಯಾನುಗೋಳದ ಎಫ್2 ಪದರದಿಂದ ಒಂದೇ ನೆಗೆತದಲ್ಲಿ ತಲುಪಬೇಕಾದರೆ, ಪದರದ ಎತ್ತರ 300 ಕಿಲೋಮೀಟರ್ ಇದ್ದಾಗ ಸಂಕೇತವು 7.5 ಡಿಗ್ರಿಯಲ್ಲಿ ಹೊರಡಬೇಕು. ಪದರ 250 ಕಿಲೋಮೀಟರಿಗೆ ಇಳಿದರೆ ಅದು 5.4 ಡಿಗ್ರಿ, 400ಕ್ಕೆ ಏರಿದರೆ 11.6 ಡಿಗ್ರಿ. ಆದರೆ ಅದೇ ಸಂಕೇತ ನಡುವೆ ಅರಬ್ಬಿ ಕಡಲಿನ ಮೇಲೆ ಒಮ್ಮೆ ಬಿದ್ದು ಎರಡು ನೆಗೆತಗಳಲ್ಲಿಯೂ ಹೋಗಬಹುದು. ಆಗ ಬೇಕಾಗುವ ಕೋನ 22 ಡಿಗ್ರಿ. ಕಡಲ ನೀರು ಬಹಳ ಒಳ್ಳೆಯ ಪ್ರತಿಫಲಕವಾದ್ದರಿಂದ ಈ ಎರಡನೆಯ ದಾರಿಯಲ್ಲಿ ನಷ್ಟವೂ ಹೆಚ್ಚಿಲ್ಲ. ಅಂದರೆ ಗಲ್ಫ್ ಚೆನ್ನಾಗಿ ಸಿಗುತ್ತದೆ ಎಂಬ ಒಂದೇ ಸಾಕ್ಷ್ಯವು 7 ಡಿಗ್ರಿಗೂ ಹೊಂದುತ್ತದೆ, 22 ಡಿಗ್ರಿಗೂ ಹೊಂದುತ್ತದೆ. ಬೆಂಗಳೂರು ಸಿಗದಿರುವುದು ಇನ್ನೂ ದುರ್ಬಲ ಸಾಕ್ಷ್ಯ: 290 ಕಿಲೋಮೀಟರಿಗೆ 60 ಡಿಗ್ರಿಗಿಂತ ಮೇಲಿನ ಕೋನ ಬೇಕು, 14 ಮೆಗಾಹರ್ಟ್ಸ್ ಆ ಕೋನದಲ್ಲಿ ಹೆಚ್ಚಿನ ಸಮಯ ಅಯಾನುಗೋಳವನ್ನು ತೂರಿ ಹೊರಟುಹೋಗುತ್ತದೆ. ಅಲ್ಲಿ ಯಾವ ಆಂಟೆನಾ ಇಟ್ಟರೂ ಅದೇ ಗತಿ.

14.100 ಮೆಗಾಹರ್ಟ್ಸ್‌ನ ಅಂತಾರಾಷ್ಟ್ರೀಯ ಬೀಕನ್ (ಗುರುತಿನ ಸಂಕೇತವನ್ನು ಸರದಿಯಂತೆ ಕಳುಹಿಸುವ ನಿಲಯ) ಜಾಲದ ಶ್ರೀಲಂಕಾ ಬೀಕನ್ನನ್ನು, 4ಎಸ್7ಬಿ, ಕೆಲವರು ಸೂಚಿಸುವುದುಂಟು. ನಮಗೆ ಅದು ಸುಮಾರು 800 ಕಿಲೋಮೀಟರ್ ದೂರ. ಪದರದ ಎತ್ತರವನ್ನವಲಂಬಿಸಿ 30ರಿಂದ 42 ಡಿಗ್ರಿಯ ನಡುವೆ ಬರುತ್ತದೆ. ಒಂದೇ ಬೀಕನ್ನಿಗೆ 12 ಡಿಗ್ರಿಯ ಅನಿಶ್ಚಯ! ಜಾಲದ ಪ್ರತಿ ಬೀಕನ್ 100 ವಾಟ್‌ನಿಂದ ಶುರುಮಾಡಿ 10, 1 ಮತ್ತು 0.1 ವಾಟ್‌ಗೆ ಇಳಿಯುವುದರಿಂದ ಎರಡು ಆಂಟೆನಾಗಳನ್ನು ಹೋಲಿಸಲು ಅದು ಬಹಳ ಅನುಕೂಲ. ಕೋನವನ್ನು ಅಳೆಯಲು ಅಲ್ಲ. ವಿಸ್ಪರ್ (ಸಣ್ಣ ಶಕ್ತಿಯ ಸಂಕೇತ ಎಲ್ಲೆಲ್ಲಿ ಕೇಳಿಸಿತು ಎಂದು ನಿಲಯಗಳು ಅಂತರ್ಜಾಲದಲ್ಲಿ ತಿಳಿಸುವ ವ್ಯವಸ್ಥೆ) ವರದಿಗಳಿಗೂ ಇದೇ ಮಾತು. ವರ್ಟಿಕಲ್ ಮತ್ತು ಒಂದು ಡೈಪೋಲ್‌ನಿಂದ ಸರದಿಯಂತೆ ಎರಡೆರಡು ನಿಮಿಷ ಪ್ರಸಾರ ಮಾಡಿ, ದೂರದ ಪ್ರಕಾರ ವರದಿಗಳನ್ನು ವಿಂಗಡಿಸಿದರೆ, ಯಾವ ದೂರದಲ್ಲಿ ಯಾವುದು ಮೇಲು ಎಂಬುದು ಕೆಲವು ವಾರಗಳಲ್ಲಿ ಸ್ಪಷ್ಟವಾಗುತ್ತದೆ. ಅರ್ಧ ತರಂಗಾಂತರ, ಅಂದರೆ 10.5 ಮೀಟರ್, ಎತ್ತರದ ಅಡ್ಡ ಡೈಪೋಲ್ ತನ್ನ ಶಿಖರವನ್ನು 30 ಡಿಗ್ರಿಯ ಬಳಿ ಇಟ್ಟುಕೊಂಡಿದ್ದರೂ, ಸಾಧಾರಣ ನೆಲದ ಮೇಲೆ 10 ಡಿಗ್ರಿಯಲ್ಲಿ ಕೂಡ ತನ್ನ ನೇರ ದಿಕ್ಕಿನಲ್ಲಿ ನಿಮ್ಮ ವರ್ಟಿಕಲ್ಲಿಗಿಂತ ಮೂರು ಡೆಸಿಬೆಲ್‌ನಷ್ಟು ಮುಂದಿರಬಹುದು. ‘ತಗ್ಗಿನ ಕೋನದ ಆಂಟೆನಾ’ ಎಂಬ ಬಿರುದು ತಗ್ಗಿನ ಕೋನದಲ್ಲಿ ಹೆಚ್ಚು ಬಲವನ್ನು ಖಾತರಿಪಡಿಸುವುದಿಲ್ಲ.

ಇಳಿಜಾರಿನ ಲೆಕ್ಕವನ್ನು ಮೇಲಿನ ಸೂತ್ರದಿಂದಲೇ ತೆಗೆಯಬಹುದು. 100 ಮೀಟರ್ ಎಂದರೆ 4.7 ತರಂಗಾಂತರ, ಅಷ್ಟರೊಳಗೆ ಫ್ರೆನೆಲ್ ವಲಯ ಮುಗಿಯುವುದು ಇಳಿಜಾರಿನಿಂದ ಎಣಿಸಿದಾಗ 27 ಡಿಗ್ರಿಗಿಂತ ಮೇಲಿನ ಕೋನಗಳಿಗೆ ಮಾತ್ರ, ದಿಗಂತದಿಂದ ಎಣಿಸಿದರೆ 19 ಡಿಗ್ರಿಗಿಂತ ಮೇಲೆ. ಅಲ್ಲಿ ರೇಖೆಯು 8 ಡಿಗ್ರಿಯಷ್ಟು ಕೆಳಗೆ ಸರಿಯುತ್ತದೆ. ಅದಕ್ಕಿಂತ ತಗ್ಗಿನ ಕೋನಗಳು ಬೈಲಿನ ನೆಲವನ್ನೂ ಅವಲಂಬಿಸಿವೆ. ಗದ್ದೆ ತೋಟಗಳ ತೇವದ ಮಣ್ಣು ಪಾದೆಗಿಂತ ಉತ್ತಮ ವಾಹಕವಾಗಿರುವ ಸಂಭವ ಹೆಚ್ಚು. ಆದ್ದರಿಂದ ಪಡುವಣಕ್ಕೆ ಸ್ವಲ್ಪ ಅನುಕೂಲ, ಮೂಡಣಕ್ಕೆ ಅಷ್ಟೇ ಪ್ರತಿಕೂಲ. ಭೂಪ್ರದೇಶದ ಲೆಕ್ಕಕ್ಕೆ ಹೆಸರಾದ ಎಚ್‌ಎಫ್‌ಟಿಎ ಎಂಬ ತಂತ್ರಾಂಶ ಅಡ್ಡ ಧ್ರುವೀಕರಣದ ಆಂಟೆನಾಗಳಿಗೆ ಮಾತ್ರ. ಅದರಲ್ಲಿ ವರ್ಟಿಕಲ್ಲನ್ನು ಹಾಕಲು ಹೋಗಬೇಡಿ. ಅಡಿಕೆ ಮರಗಳು ನೀರು ತುಂಬಿದ ನೆಟ್ಟನೆಯ ಕಂಬಗಳಾದ್ದರಿಂದ ನೆಟ್ಟ ಧ್ರುವೀಕರಣದ ತರಂಗವನ್ನು ಸ್ವಲ್ಪ ಹೀರುತ್ತವೆ. ಎಷ್ಟು ಎಂಬುದನ್ನು ಮಾದರಿ ಹೇಳಲಾರದು. ಡ್ರೋನನ್ನು ಒಮ್ಮೆ ತೋಟದ ಮೇಲಿನಿಂದ, ಒಮ್ಮೆ ತೋಟವಿಲ್ಲದ ದಿಕ್ಕಿನಲ್ಲಿ ಹಾರಿಸಿ 10 ಮತ್ತು 15 ಡಿಗ್ರಿಯ ಓದುಗಳನ್ನು ಹೋಲಿಸಿ ನೋಡಿ.

ಡ್ರೋನ್ ಸಾಧನ ಸಿದ್ಧವಾದ ಮೇಲೆ ಅದನ್ನು ನಂಬಬಹುದೇ ಎಂದು ಪರೀಕ್ಷಿಸಲು ಮೊದಲು ಕಡಲ ಬದಿಗೆ ತನ್ನಿ. ಮಡಚಬಹುದಾದ ಅದೇ ಉದ್ದದ ವರ್ಟಿಕಲ್ಲನ್ನು ತೆರೆ ಮುಟ್ಟುವ ಅಂಚಿನಲ್ಲಿ ನಿಲ್ಲಿಸಿ, ರೇಡಿಯಲ್‌ಗಳ ತುದಿಗಳು ನೀರಿಗೆ ಬೀಳಲಿ, ಡ್ರೋನನ್ನು ಪಡುವಣಕ್ಕೆ ನೀರಿನ ಮೇಲೆ ಕಳುಹಿಸಿ. ಅಲ್ಲಿ ಉತ್ತರ ಮುಂಚಿತವಾಗಿಯೇ ಗೊತ್ತು: ತಿದ್ದುಪಡಿಯಾದ ಮೇಲೆ 10 ಡಿಗ್ರಿಯ ಬಲ 30 ಡಿಗ್ರಿಗಿಂತ ಒಂದರಿಂದ ಒಂದೂವರೆ ಡೆಸಿಬೆಲ್ ಹೆಚ್ಚಿರಬೇಕು. ಹಾಗೆ ಬಾರದಿದ್ದರೆ ದೋಷ ಡಿಟೆಕ್ಟರಿನಲ್ಲಿಯೋ ತೂಗುವ ಡೈಪೋಲಿನಲ್ಲಿಯೋ ಇದೆ. ಬಂದರೆ, ಅದೇ ಸಾಧನವನ್ನು ನೀರ್ಚಾಲಿಗೆ ಒಯ್ದು ಪಾದೆಯ ಮೇಲೆ ಸಿಗುವ ಸಂಖ್ಯೆಯನ್ನು ಇದರ ಪಕ್ಕದಲ್ಲಿ ಇಡಿ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವುದರಿಂದ ಬೆಳಗಿನ ಹೊತ್ತಿನಲ್ಲಿ ಬರುವುದು ಒಳ್ಳೆಯದು. ಬ್ಯಾಟರಿ ಚಾರ್ಜ್ ಮಾಡಲು ನನ್ನ ಮನೆಯಿದೆ.